ಸುಳ್ವಾಡಿಯಲ್ಲಿ ಯಾರ ಕರ್ಮ?

2018ರ ಡಿಸೆಂಬರ್ 14, ಶುಕ್ರವಾರ. ನಮ್ಮ ಹನೂರು ತಾಲ್ಲೂಕಿನ ಮಾರ್ಟಳ್ಳಿ ಸಮೀಪದ ಸುಳ್ವಾಡಿಯಲ್ಲಿ ಕಿಚ್‌ಗುತ್ ಮಾರಮ್ಮನ ಗುಡಿಗೆ ಗೋಪುರ ಕಟ್ಟುವ ಕೆಲಸಕ್ಕೆ ಪೂಜೆಯಾಯಿತು. ಸುತ್ತಮುತ್ತಲ ಹಳ್ಳಿಗಳ ಜನ, ಅವರಲ್ಲಿ ಓಂ ಶಕ್ತಿ ಮಾಲೆ ಹಾಕಿಕೊಂಡವರೂ ಸೇರಿ, ಪ್ರಸಾದಕ್ಕೆ ಕೈಯೊಡ್ಡಿದರು. ಆ ಅನ್ನದಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಬೆರೆತಿತ್ತು. ಹದಿನೇಳು ಜನ ಸತ್ತರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಗುಡಿಯ ಆಡಳಿತದ ವೈಮನಸ್ಸಿನಿಂದ ಬೇಕೆಂದೇ ವಿಷ ಹಾಕಲಾಗಿದೆ ಎಂದು ಪೊಲೀಸರು ಆರೋಪ ಹೊರಿಸಿದರು, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಗುಡಿಯ ಬಾಗಿಲು ಹತ್ತಿರಹತ್ತಿರ ಎರಡು ವರ್ಷ ಮುಚ್ಚಿತ್ತು.

ಆ ದಿನಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯಲ್ಲಿ, ಸಂತೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ‘ಏನ್ಮಾಡಕಾಯ್ತದೆ, ಅವರ್ ಕರ್ಮ. ಪಡ್ಕಂಡು ಬಂದಿದ್ದು.’ ಆಡಿದವರು ಕೆಟ್ಟವರಲ್ಲ. ಅಷ್ಟು ದೊಡ್ಡ ಸಾವಿನ ಮುಂದೆ ನಿಂತಾಗ ಬಾಯಿಗೆ ಬೇರೇನೂ ಸಿಗದೆ ಬಂದ ಮಾತು ಅದು. ಆದರೂ ಅದನ್ನು ಒಪ್ಪಲು ನನ್ನಿಂದ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಹೆತ್ತವರನ್ನು ಕಳೆದುಕೊಂಡ ಮಕ್ಕಳ ಎದುರಿಗೆ ನಿಂತು, ಇದು ನಿಮ್ಮ ಅಪ್ಪ ಅಮ್ಮನ ಹಿಂದಿನ ಜನ್ಮದ ಬಾಕಿ ಎಂದು ಹೇಳಲು ನಮಗೆ ಅಧಿಕಾರ ಕೊಟ್ಟವರು ಯಾರು? ಶಾಸ್ತ್ರ ಕೊಟ್ಟಿದೆಯೇ? ಕೊಟ್ಟಿದ್ದರೆ ಎಲ್ಲಿ?

ಹುಡುಕುತ್ತ ಹೋದರೆ ಮೊದಲು ಸಿಗುವುದು ಬೃಹದಾರಣ್ಯಕ ಉಪನಿಷತ್ತು. ಕರ್ಮದ ವಿಚಾರ ಬರುವ ಅತ್ಯಂತ ಹಳೆಯ ಜಾಗಗಳಲ್ಲಿ ಅದೊಂದು. ಜನಕನ ಸಭೆಯಲ್ಲಿ ಆರ್ತಭಾಗ ಎಂಬಾತ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಮನುಷ್ಯ ಸತ್ತಾಗ ಅವನ ಮಾತು ಬೆಂಕಿಗೆ, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ ಸೇರುತ್ತದೆ, ಸರಿ, ಆಗ ಆ ಮನುಷ್ಯ ಎಲ್ಲಿರುತ್ತಾನೆ? ಅದುವರೆಗೆ ತುಂಬಿದ ಸಭೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡುತ್ತಿದ್ದ ಯಾಜ್ಞವಲ್ಕ್ಯ ಇಲ್ಲಿ ನಿಲ್ಲುತ್ತಾನೆ. ಕೈ ಕೊಡು ಗೆಳೆಯಾ, ಇದನ್ನು ನಾವಿಬ್ಬರೇ ತಿಳಿಯೋಣ, ಜನರ ನಡುವೆ ಬೇಡ ಎನ್ನುತ್ತಾನೆ. ಇಬ್ಬರೂ ಆಚೆ ಹೋಗಿ ಮಾತಾಡಿಕೊಳ್ಳುತ್ತಾರೆ. ಅವರು ಆಡಿದ್ದು ಕರ್ಮದ ಬಗ್ಗೆ, ಹೊಗಳಿದ್ದೂ ಕರ್ಮವನ್ನೇ, ಒಳ್ಳೆಯದನ್ನು ಮಾಡಿದವನು ಒಳ್ಳೆಯವನಾಗುತ್ತಾನೆ ಎಂದು ಉಪನಿಷತ್ತು ತಿಳಿಸುತ್ತದೆ. ಅಷ್ಟು ದೊಡ್ಡ ಜ್ಞಾನಿ ಸಭೆಯಿಂದೆದ್ದು ಹೋಗಿ ಆಡಿದ್ದನ್ನು ನಾವು ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಕಾಣದ ಮನೆಯ ಸಾವಿನ ಬಗ್ಗೆ ತೀರ್ಪಾಗಿ ಆಡಿಬಿಡುತ್ತೇವೆ.

ಇನ್ನೊಂದು ಕಥೆ ಮಹಾಭಾರತದ ಅನುಶಾಸನ ಪರ್ವದ ಆರಂಭದಲ್ಲಿದೆ. ಸುಳ್ವಾಡಿಯ ನಂತರ ಅದನ್ನು ಓದಿದಾಗ ಹಿಂದೆ ಕಾಣದ್ದು ಕಂಡಿತು. ಗೌತಮಿ ಎಂಬ ಮುದುಕಿಯ ಮಗ ಹಾವು ಕಚ್ಚಿ ಸತ್ತ. ಅರ್ಜುನಕ ಎಂಬ ಬೇಡ ಆ ಹಾವನ್ನು ಹಿಡಿದು ತಂದು, ಹೇಳಮ್ಮಾ, ಇದನ್ನು ಬೆಂಕಿಗೆ ಹಾಕಲೋ, ತುಂಡು ಮಾಡಲೋ ಎಂದು ಕೇಳುತ್ತಾನೆ. ಬಿಟ್ಟುಬಿಡು, ಇದನ್ನು ಕೊಂದರೆ ನನ್ನ ಮಗ ಬರುವುದಿಲ್ಲ ಎನ್ನುತ್ತಾಳೆ ಅವಳು. ಬೇಡ ಬಿಡಲೊಲ್ಲ. ಆಗ ಹಾವು, ನನ್ನದೇನು ತಪ್ಪು, ಮೃತ್ಯು ಕಳಿಸಿದ, ಬಂದೆ ಎನ್ನುತ್ತದೆ. ಮೃತ್ಯು ಬಂದು, ನಾನು ಕಾಲನ ಆಳು ಎನ್ನುತ್ತಾನೆ. ಕಾಲ ಬಂದು, ನಾವ್ಯಾರೂ ಕಾರಣರಲ್ಲ, ಆ ಹುಡುಗನ ಕರ್ಮವೇ ಅವನನ್ನು ಕೊಂದಿತು ಎಂದು ಮುಗಿಸುತ್ತಾನೆ. ಗೌತಮಿ ಒಪ್ಪುತ್ತಾಳೆ. ಒಪ್ಪಿ ಒಂದು ಮಾತು ಸೇರಿಸುತ್ತಾಳೆ: ಮಗ ಸಾಯುವಂಥದ್ದನ್ನು ನಾನೂ ಎಂದೋ ಮಾಡಿದ್ದೇನೆ, ಹಾವನ್ನು ಬಿಡು.

ಹಾಗಾದರೆ ಟೀ ಅಂಗಡಿಯವರು ಹೇಳಿದ್ದೂ ಅದೇ ಅಲ್ಲವೇ ಎಂದು ಕೇಳಬಹುದು. ಗೌತಮಿ ಹೆತ್ತವಳು. ಹೆಣದ ಪಕ್ಕ ಕೂತು, ತನ್ನ ನೋವಿಗೆ ತಾನೇ ಕೊಟ್ಟುಕೊಂಡ ಉತ್ತರ ಅದು. ಆ ಉತ್ತರದಿಂದ ಅವಳು ಇನ್ನೊಂದು ಜೀವ ಉಳಿಸಿದಳು, ಸೇಡನ್ನು ಅಲ್ಲಿಗೇ ನಿಲ್ಲಿಸಿದಳು. ಅದೇ ಮಾತನ್ನು ಬೇಡ ಅವಳಿಗೆ ಹೇಳಿದ್ದರೆ? ಹಾವೇ ಹೇಳಿದ್ದರೆ? ನಿನ್ನ ಮಗನ ಕರ್ಮ, ನಾನು ಬರೀ ಹಲ್ಲು ಊರಿದೆ ಎಂದಿದ್ದರೆ? ಆಗ ಅದು ಗಾಯಕ್ಕೆ ಉಪ್ಪು ಸವರಿದಂತೆ. ಈ ಕಥೆಯನ್ನು ಹೇಳುತ್ತಿರುವವನು ಭೀಷ್ಮ, ಕೇಳುತ್ತಿರುವವನು ಧರ್ಮರಾಯ. ಬಾಣದ ಹಾಸಿಗೆಯ ಮೇಲೆ ಬಿದ್ದಿರುವವನು, ತನ್ನನ್ನು ಬೀಳಿಸಿದ ಪಕ್ಷದವನಿಗೆ ಹೇಳುತ್ತಿದ್ದಾನೆ. ನೊಂದವನೇ ನೋಯಿಸಿದವನ ಎದೆಯ ಭಾರ ಇಳಿಸುತ್ತಿದ್ದಾನೆ. ಧರ್ಮರಾಯನೇ ಹೋಗಿ, ಅಜ್ಜಾ ಇದು ನಿನ್ನ ಕರ್ಮ ಎಂದಿದ್ದರೆ ಮಹಾಭಾರತ ಅವನನ್ನು ಧರ್ಮರಾಯ ಎಂದು ಕರೆಯುತ್ತಿರಲಿಲ್ಲ.

ಸುಳ್ವಾಡಿಯ ವಿಷಯದಲ್ಲಿ ನನ್ನ ಸಂಕಟವೂ ಇಲ್ಲೇ ಇದೆ. ಉಂಡವರ ಕರ್ಮ ಎಂದು ನಾವು ಹೇಳಿದ ಕ್ಷಣದಲ್ಲಿ, ಬೆರೆಸಿದ ಕೈ ಸದ್ದಿಲ್ಲದೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ಕರ್ಮದ ವಿಚಾರ ಹುಟ್ಟಿದ್ದು ಮಾಡಿದವನನ್ನು ಹಿಡಿದು ನಿಲ್ಲಿಸಲು. ನೀನು ಮಾಡಿದ್ದು ಯಾರೂ ನೋಡದಿದ್ದರೂ ಮಾಡಿದ್ದೇ, ಅದು ನಿನ್ನನ್ನು ಬಿಡುವುದಿಲ್ಲ ಎಂದು ಹೇಳಲು. ನಮ್ಮ ಕಡೆ ಹೇಳುವುದೂ ‘ಮಾಡಿದ್ದುಣ್ಣೋ ಮಹಾರಾಯ’ ಎಂದೇ. ಸುಳ್ವಾಡಿಯಲ್ಲಿ ಉಂಡವರು ಒಬ್ಬರು, ಮಾಡಿದವರು ಇನ್ನೊಬ್ಬರು. ಆ ಗಾದೆ ಆ ಹದಿನೇಳು ಜನರ ಸಮಾಧಿಯ ಮೇಲೆ ಬರೆಯುವಂಥದ್ದಲ್ಲ.

ವೇದಾಂತಿಗಳು ಕರ್ಮವನ್ನು ಸಂಚಿತ, ಪ್ರಾರಬ್ಧ, ಆಗಾಮಿ ಎಂದು ಮೂರಾಗಿ ಹೇಳುತ್ತಾರೆ. ಕೂಡಿಬಿದ್ದದ್ದು, ಫಲ ಕೊಡತೊಡಗಿದ್ದು, ಈಗ ಮಾಡುತ್ತಿರುವುದರಿಂದ ಮುಂದೆ ಬರುವುದು. ಪ್ರಾರಬ್ಧವನ್ನು ಶಂಕರರು ಬಿಟ್ಟ ಬಾಣಕ್ಕೆ ಹೋಲಿಸುತ್ತಾರೆ, ವೇಗ ತೀರುವವರೆಗೆ ಅದು ಹೋಗಲೇಬೇಕು. ನಾವು ಊರಿನಲ್ಲಿ ಕರ್ಮ ಎಂದು ನಿಟ್ಟುಸಿರು ಬಿಡುವಾಗಲೆಲ್ಲ ನೆನೆಯುವುದು ಆ ಹೋದ ಬಾಣವೊಂದನ್ನೇ. ಕೈಯಲ್ಲಿ ಇನ್ನೂ ಹಿಡಿದಿರುವ ಬಾಣ ಮರೆತೇಹೋಗುತ್ತದೆ. ಆ ಶುಕ್ರವಾರ ಸಿಕ್ಕ ಸಿಕ್ಕ ಗಾಡಿಯಲ್ಲಿ ವಾಂತಿ ಮಾಡುತ್ತಿದ್ದವರನ್ನು ಹೊತ್ತುಹಾಕಿಕೊಂಡು ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ, ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಓಡಿಸಿದ ಚಾಲಕರಿದ್ದರು. ಇಡೀ ರಾತ್ರಿ ನಿಂತ ದಾದಿಯರಿದ್ದರು, ವೈದ್ಯರಿದ್ದರು. ಉಳಿದವರು ಉಳಿದದ್ದು ಅವರಿಂದ. ಅವರವರ ಕರ್ಮ ಅವರವರಿಗೆ ಎಂದು ಆ ಚಾಲಕರಲ್ಲಿ ಒಬ್ಬ ಅಂದುಕೊಂಡು ಗಾಡಿ ನಿಲ್ಲಿಸಿದ್ದರೂ ಸತ್ತವರ ಲೆಕ್ಕ ಬೆಳೆಯುತ್ತಿತ್ತು. ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕೆಲಸಕ್ಕೆ ಐದು ಕಾರಣ ಎಣಿಸುತ್ತದೆ: ಆಶ್ರಯ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಕೊನೆಗೆ ದೈವ. ದೈವ ಐದನೆಯದು. ನಾವು ಅದನ್ನು ಮೊದಲನೆಯದಾಗಿಯೂ ಒಂದೇ ಒಂದಾಗಿಯೂ ಮಾಡಿಕೊಂಡಿದ್ದೇವೆ.

ನಮ್ಮ ತಾಲ್ಲೂಕಿನಲ್ಲಿ ವಿಷ ಇನ್ನೊಮ್ಮೆ ಸುದ್ದಿಯಾಯಿತು. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ಕೀಟನಾಶಕ ಹಾಕಲಾಗಿತ್ತು. ಹಸು ಕಳೆದುಕೊಂಡವನ ಸಂಕಟ ಕಾಡಂಚಿನಲ್ಲಿ ಬದುಕುವ ನಮಗೆ ಗೊತ್ತು. ಒಂದು ಹಸು ಎಂದರೆ ಮಗಳ ಮದುವೆ, ಮಗನ ಫೀಸು. ಆದರೆ ಶಾಸ್ತ್ರ ಇಲ್ಲಿ ಸ್ಪಷ್ಟವಾಗಿದೆ. ಪ್ರಾಣಿಜನ್ಮ ಭೋಗಕ್ಕೆ ಮಾತ್ರ, ಹೊಸ ಕರ್ಮ ಕಟ್ಟಿಕೊಳ್ಳುವುದು ಮನುಷ್ಯಜನ್ಮದಲ್ಲಿ. ಹಸು ಕೊಂದ ಹುಲಿಗೆ ಪಾಪ ಅಂಟುವುದಿಲ್ಲ. ಬಾಟಲಿಯ ಮುಚ್ಚಳ ತೆಗೆದ ಕೈಗೆ ಅಂಟುತ್ತದೆ. ತೆಗೆಯದೆ ಇರಬಲ್ಲ ಶಕ್ತಿಯೂ ಆ ಕೈಗೆ ಇತ್ತಲ್ಲ, ಮನುಷ್ಯನಾಗಿ ಹುಟ್ಟುವುದರ ದೊಡ್ಡಸ್ತಿಕೆ ಎಂದು ಹಿರಿಯರು ಹೇಳಿದ್ದು ಅದನ್ನೇ.

ಹಿಂದಿನವರು ಇದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡು ಕೂತಿರಲಿಲ್ಲ ಎಂಬುದಕ್ಕೆ ಅಣಿಮಾಂಡವ್ಯನ ಕಥೆಯೇ ಸಾಕ್ಷಿ. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಕದ್ದ ಮಾಲು ಬಚ್ಚಿಟ್ಟರು. ರಾಜಭಟರು ಬಂದು ಋಷಿಯನ್ನೂ ಶೂಲಕ್ಕೇರಿಸಿದರು. ಅವನು ಸಾಯಲಿಲ್ಲ. ರಾಜ ತಪ್ಪೊಪ್ಪಿಕೊಂಡು ಇಳಿಸಿದರೂ ಶೂಲದ ಮೊನೆ ದೇಹದಲ್ಲೇ ಉಳಿಯಿತು. ಅವನು ನೇರ ಧರ್ಮದೇವತೆಯ ಹತ್ತಿರ ಹೋಗಿ ಕೇಳಿದ, ನಾನೇನು ಮಾಡಿದ್ದೆ? ಚಿಕ್ಕವನಿದ್ದಾಗ ಹುಳುಗಳಿಗೆ ಕಡ್ಡಿ ಚುಚ್ಚಿದ್ದೆ ಎಂಬ ಉತ್ತರ ಬಂತು. ಋಷಿ ತಲೆಬಾಗಿ ಬರಲಿಲ್ಲ. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಧರ್ಮನಿಗೇ ಶಾಪ ಕೊಟ್ಟ, ಮನುಷ್ಯನಾಗಿ ಹುಟ್ಟು ಎಂದ. ಆ ಧರ್ಮ ದಾಸಿಯ ಮಗ ವಿದುರನಾಗಿ ಬಂದ. ಹದಿನಾಲ್ಕು ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಲ್ಲ ಎಂಬ ಹೊಸ ಕಟ್ಟಳೆಯನ್ನೂ ಆ ಋಷಿಯೇ ಹಾಕಿದ. ಕರ್ಮದ ಲೆಕ್ಕ ಅನ್ಯಾಯವಾದಾಗ ಲೆಕ್ಕ ಬರೆಯುವವನನ್ನೇ ತಡೆದು ಕೇಳಿದ ಮನುಷ್ಯನನ್ನು ಮಹಾಭಾರತ ಗೌರವದಿಂದ ನೆನೆಯುತ್ತದೆ.

ಒಪ್ಪಿಕೊಳ್ಳಬೇಕಾದ ಕಹಿಯೂ ಇದೆ. ಅದೇ ಉಪನಿಷತ್ತುಗಳ ಸಾಲಿನ ಛಾಂದೋಗ್ಯದಲ್ಲಿ, ಕೆಟ್ಟ ನಡತೆಯವರು ನಾಯಿಯ, ಹಂದಿಯ, ಚಂಡಾಲರ ಹೊಟ್ಟೆಯಲ್ಲಿ ಹುಟ್ಟುತ್ತಾರೆ ಎಂಬ ಮಾತು ಬರುತ್ತದೆ. ಹುಟ್ಟನ್ನೇ ಅಪರಾಧದ ಗುರುತಾಗಿ ಮಾಡಿ, ಕೇರಿಯ ಜನರನ್ನು ತಲೆಮಾರುಗಟ್ಟಲೆ ಹೊರಗಿಡಲು ಕರ್ಮದ ಹೆಸರು ಬಳಕೆಯಾಯಿತು. ಅದಕ್ಕೆ ಸಮಜಾಯಿಷಿ ಕೊಡಲು ನನಗೆ ಮನಸ್ಸಿಲ್ಲ. ನಮ್ಮ ಸೀಮೆ ಅದಕ್ಕೆ ತನ್ನದೇ ಉತ್ತರ ಕೊಟ್ಟಿದೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಗೆ ಹೋದವರು ನೋಡಿದ್ದಾರೆ, ಎಲ್ಲ ಜಾತಿಯವರೂ ಅಲ್ಲೇ ಒಲೆ ಹೂಡಿ ಬೇಯಿಸಿ ಪಂಕ್ತಿಸೇವೆಯಲ್ಲಿ ಜೊತೆಗೆ ಉಣ್ಣುತ್ತಾರೆ. ಹಿಂದಿನ ಜನ್ಮದಲ್ಲಿ ಏನು ಮಾಡಿ ಬಂದೆ ಎಂದು ಆ ಪಂಕ್ತಿಯಲ್ಲಿ ಕೂತವರನ್ನು ಯಾರೂ ಕೇಳುವುದಿಲ್ಲ.

ಮಾದಪ್ಪನ, ಅಂದರೆ ನಮ್ಮ ಮಲೆ ಮಹದೇಶ್ವರನ ಕಾವ್ಯವೂ ಕೇಳುವುದಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಆ ಕಥೆಯಲ್ಲಿ ಸಂಕಮ್ಮನ ಸಾಲು ಬರುತ್ತದೆ. ಸಂಕಮ್ಮ ಸೋಲಿಗರ ಹೆಣ್ಣು, ಮಕ್ಕಳಿಲ್ಲದವಳು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ನಿನ್ನ ಶೀಲಕ್ಕೆ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ಮಕ್ಕಳಿಲ್ಲದ ಹೆಣ್ಣಿಗೆ ನಮ್ಮ ಊರುಗಳು ಏನು ಹೇಳುತ್ತವೆ ಎಂದು ಹೇಳಬೇಕಾಗಿಲ್ಲ, ಯಾವ ಜನ್ಮದ ಪಾಪವೋ ಎಂದೇ ಶುರುವಾಗುತ್ತದೆ. ಹಾಡು ಆ ದಾರಿ ಹಿಡಿಯುವುದಿಲ್ಲ. ನೋವು ಕೊಟ್ಟವನು ಗಂಡ ಎಂದು ಬಿಚ್ಚಿ ಹಾಡುತ್ತದೆ. ಮಾದಪ್ಪ ಬಂದು ಅವಳ ಕಟ್ಟು ಬಿಡಿಸುತ್ತಾನೆ, ಅವಳ ಮಡಿಲಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು ಬರುತ್ತಾರೆ. ಕಷ್ಟದಲ್ಲಿರುವವರ ಹತ್ತಿರ ದೇವರು ಬಂದಾಗ ಅವನು ಹಿಂದಿನದನ್ನು ಕೆದಕದೆ ಮೊದಲು ಹಗ್ಗ ಬಿಚ್ಚುತ್ತಾನೆ ಎಂದು ನಮ್ಮ ಜನ ನಂಬಿದ್ದಾರೆ. ಏಳು ಮಲೆ ಹತ್ತಿ ಹೋಗುವ ಭಕ್ತಿ ಅಂಥವನ ಮೇಲಿನದು.

ಇನ್ನು ಆ ಮಲೆಯಿಂದಾಚೆ, ತಮಿಳುನಾಡಿನ ಗಡಿಗೆ ತಾಗಿದ ಗೋಪಿನಾಥಂ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರೆಂದು ಪತ್ರಿಕೆಗಳು ಅದನ್ನು ಬರೆದವು. ಅದೇ ಊರಿನ ಮಾರಿಯಮ್ಮನ ಗುಡಿಯಲ್ಲಿ ಪಿ. ಶ್ರೀನಿವಾಸ್ ಅವರ ಚಿತ್ರಕ್ಕೂ ಪೂಜೆ ಸಲ್ಲುತ್ತದೆ. ರಾಜಮಹೇಂದ್ರಿಯಲ್ಲಿ ಹುಟ್ಟಿ, ಭಾರತೀಯ ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದ ಅಧಿಕಾರಿ. ವೀರಪ್ಪನ್‌ನನ್ನು ಹಿಡಿಯಲು ನೇಮಕವಾದವರು ಅವರು. ಅಂಥವರು ಆ ಊರಿಗೆ ಬಂದು ಮಾಡಿದ್ದೇನು? ಊರಿನ ಬಹಳಷ್ಟು ಗಂಡಸರು ಕಾಡಿನ ಕಳ್ಳತನದಲ್ಲಿ ಸಿಕ್ಕಿಕೊಂಡಿದ್ದರು. ಅವರ ಹೆಂಡಿರು ಮಕ್ಕಳು ಇತ್ತ ಪೊಲೀಸರಿಗೂ ಅತ್ತ ಗ್ಯಾಂಗಿಗೂ ಹೆದರಿ ಬದುಕುತ್ತಿದ್ದರು. ಗಂಡಂದಿರು ಮಾಡಿದ ಪಾಪ, ಇವರು ಉಣ್ಣಲಿ ಎಂದು ಬಿಟ್ಟುಬಿಡುವುದು ಸುಲಭವಿತ್ತು, ಸರ್ಕಾರಿ ನೌಕರನನ್ನು ಯಾರೂ ಅದಕ್ಕಾಗಿ ಪ್ರಶ್ನಿಸುತ್ತಿರಲಿಲ್ಲ. ಶ್ರೀನಿವಾಸ್ ಆ ಊರಿನಲ್ಲೇ ಇದ್ದರು. ಔಷಧಿ ತರಿಸಿದರು, ನೀರಿಗೆ ವ್ಯವಸ್ಥೆ ಮಾಡಿದರು, ಮನೆ ಕಟ್ಟಿಸಿದರು, ಊರವರ ಮಾರಿಯಮ್ಮನಿಗೆ ಗುಡಿ ಎಬ್ಬಿಸಿದರು. ಗ್ಯಾಂಗಿನಲ್ಲಿದ್ದ ಹಲವರು ಅವರನ್ನು ನಂಬಿ ಶರಣಾದರು.

1991ರ ನವೆಂಬರ್ 10. ವೀರಪ್ಪನ್ ಶರಣಾಗುತ್ತಾನೆ, ನಿರಾಯುಧರಾಗಿ ಬನ್ನಿ ಎಂಬ ಮಾತು ನಂಬಿ ಅವರು ಕಾಡಿಗೆ ನಡೆದರು. ಅಲ್ಲಿ ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿದರು. ಆಗ ಅವರಿಗೆ ಮೂವತ್ತೇಳು ವರ್ಷ. ಮರಣೋತ್ತರವಾಗಿ ಕೀರ್ತಿಚಕ್ರ ಬಂತು.

ಒಳ್ಳೆಯದು ಮಾಡಿದರೆ ಒಳ್ಳೆಯದಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಶ್ರೀನಿವಾಸ್ ಅವರ ಬದುಕನ್ನು ಎದುರಿಗಿಟ್ಟುಕೊಂಡು ಆ ಮಾತನ್ನು ಅಷ್ಟು ಸಲೀಸಾಗಿ ಹೇಳಲಾಗದು. ಮಾಡಿದ್ದಕ್ಕೆ ತಕ್ಕ ಕೂಲಿ ಸಂಜೆಯೊಳಗೆ ಕೈಗೆ ಬರುವುದಾಗಿದ್ದರೆ ಗೀತೆಯ ಎರಡನೆಯ ಅಧ್ಯಾಯ ಬೇಕಾಗಿಯೇ ಇರಲಿಲ್ಲ. ಕೆಲಸದ ಮೇಲಷ್ಟೇ ನಿನಗೆ ಅಧಿಕಾರ, ಫಲದ ಮೇಲಿಲ್ಲ ಎಂದು ಕೃಷ್ಣ ಹೇಳಿದ್ದು ಫಲ ಕೈತಪ್ಪುವುದನ್ನು ಚೆನ್ನಾಗಿ ಬಲ್ಲವನಾಗಿ. ಫಲ ಬೇಡ ಎಂದವನು ಕೆಲಸವನ್ನು ಅರೆಮನಸ್ಸಿನಿಂದ ಮಾಡುತ್ತಾನೆ ಎಂದು ಕೆಲವರು ವಾದಿಸುತ್ತಾರೆ. ಅಂಥವರು ಒಮ್ಮೆ ಗೋಪಿನಾಥಂಗೆ ಹೋಗಿ ಬರಲಿ. ಕೊಲ್ಲಲು ಬರಬಹುದಾದವರ ಮಕ್ಕಳಿಗೆ ಔಷಧಿ ಕೊಟ್ಟ ಮನುಷ್ಯ ಫಲದ ಲೆಕ್ಕ ಹಾಕುತ್ತ ಕೂತಿದ್ದರೆ ಮೊದಲ ವಾರವೇ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು.

ಅಷ್ಟು ಒಳ್ಳೆಯವರಿಗೆ ಅಂಥ ಸಾವು ಏಕೆ ಬಂತು, ಯಾವ ಜನ್ಮದ್ದು ಎಂದು ಕೇಳುವವರು ಇರುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳಬಹುದಾಗಿದ್ದವರು ಅವರೊಬ್ಬರೇ, ಗೌತಮಿ ತನ್ನ ಪಾಲಿಗೆ ಹೇಳಿಕೊಂಡಂತೆ. ಆ ದಿನ ಕಾಡಿನಲ್ಲಿ ಮಾತು ಕೊಟ್ಟು ತಪ್ಪಿದವನ ಕರ್ಮ ಯಾವುದು ಎಂಬುದಕ್ಕೆ ಮಾತ್ರ ಯಾವ ಜನ್ಮವನ್ನೂ ತಡಕಬೇಕಾಗಿಲ್ಲ. ಸುಳ್ವಾಡಿಯದಕ್ಕೂ ಬೇಕಾಗಿಲ್ಲ.